ಮೆಟ್ಟಿಲಿಲ್ಲದ ಬಾಗಿಲುಗಳ ಊರು

ಚಿಕಾಗೋ ನಗರದ ನೈರುತ್ಯಕ್ಕೆ ಸುಮಾರು 30 ಮೈಲಿ ದೂರದಲ್ಲಿ ಬೋಲಿಂಗ್‌ಬ್ರೂಕ್ ಎಂಬ ಊರಿದೆ. ಪ್ರವಾಸಿಗರು ಅರಸಿಕೊಂಡು ಹೋಗುವಂಥ ಸ್ಥಳವೇನೂ ಅಲ್ಲ. ಜಲಪಾತವಿಲ್ಲ, ಅರಮನೆಯಿಲ್ಲ; ಇಲಿನಾಯ್ ರಾಜ್ಯದ ಸಮತಟ್ಟಾದ ನೆಲದ ಮೇಲೆ ಸಾಲುಸಾಲು ಮನೆಗಳು, ಮುಂದೆ ಹುಲ್ಲುಹಾಸು, ಪಕ್ಕದಲ್ಲಿ ಕಾರಿನ ಮನೆ. ಅಕ್ಕ ಅಲ್ಲಿ ನೆಲಸಿರದಿದ್ದರೆ ನಾನೂ ಹೋಗುತ್ತಿರಲಿಲ್ಲ.

2019ರ ಬೇಸಿಗೆ ರಜೆಯಲ್ಲಿ ತಾಯಿಯವರನ್ನು ಕರೆದುಕೊಂಡು ಹೊರಟಾಗ ನನಗಿದ್ದ ಚಿಂತೆ ವಿಮಾನದ್ದಲ್ಲ, ಅಕ್ಕನ ಮನೆಯ ಬಾಗಿಲಿನದು. ಪಾರ್ಶ್ವವಾಯು ಬಡಿದು ಎರಡು ವರ್ಷಗಳಿಂದ ತಾಯಿಯವರು ಗಾಲಿಕುರ್ಚಿಯನ್ನೇ ನಂಬಿದ್ದರು. ಮೈಸೂರಿನ ನಮ್ಮ ಬಾಡಿಗೆ ಮನೆಗೆ ಐದು ಮೆಟ್ಟಿಲು. ವೈದ್ಯರಲ್ಲಿಗೆ ಹೋಗುವ ದಿನ ನಾನೂ ಪಕ್ಕದ ಮನೆಯ ಹುಡುಗನೂ ಅವರನ್ನು ಕುರ್ಚಿಸಮೇತ ಎತ್ತಿ ಇಳಿಸುತ್ತಿದ್ದೆವು. ಆಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದು ಭಯದಿಂದಲ್ಲ, ನಾಚಿಕೆಯಿಂದ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಅಕ್ಕನ ಮನೆಯ ಮುಂದೆ ಇಳಿದು ಕುರ್ಚಿಯನ್ನು ತಳ್ಳಿಕೊಂಡು ಒಳಗೆ ಹೋದೆವು. ಕಾಫಿಯಾಯಿತು, ಊರಿನ ಸುದ್ದಿಯಾಯಿತು. ಸ್ವಲ್ಪ ಹೊತ್ತಿನ ಮೇಲೆ ತಾಯಿಯವರು ಮೆಲ್ಲಗೆ ಕೇಳಿದರು: “ನನ್ನನ್ನು ಯಾರೂ ಎತ್ತಲೇ ಇಲ್ಲವಲ್ಲೋ?”

ಎದ್ದು ಹೊರಗೆ ಹೋಗಿ ನೋಡಿದೆ. ಕಾರು ನಿಲ್ಲಿಸಿದ ಕಡೆಯಿಂದ ಬಾಗಿಲಿನವರೆಗೆ ಕಾಂಕ್ರೀಟಿನ ಕಾಲುಹಾದಿ. ಕಣ್ಣಿಗೆ ತೋರದಷ್ಟು ನಸು ಏರು. ಆಸ್ಪತ್ರೆಯ ಇಳಿಜಾರಿನಂತೆ ಕಂಬಿಯಿಲ್ಲ, ಕಟಕಟೆಯಿಲ್ಲ. ಮಣ್ಣನ್ನೇ ಹದವಾಗಿ ಏರಿಸಿ ಬಾಗಿಲಿಗೆ ಕೂಡಿಸಿದ್ದರು. ಎರಡೂ ಅಂಚಿನಲ್ಲಿ ಹೂಗಿಡ.

“ಇದೇನು ಅತ್ತೆಗಾಗಿ ಮಾಡಿಸಿದ್ದಲ್ಲ,” ಎಂದರು ಭಾವ. “ಮನೆ ಕೊಂಡಾಗಲೇ ಹೀಗಿತ್ತು. ಊರಿನ ಕಾನೂನು.”

2003ರಲ್ಲಿ ಆ ಊರಿನ ಆಡಳಿತ ಹೊಸದಾಗಿ ಕಟ್ಟುವ ಮನೆಗಳಿಗೆ ಈ ನಿಯಮ ಮಾಡಿತು. ಅದರ ಬೀಜ ಬಿದ್ದದ್ದು ದೂರದ ಅಟ್ಲಾಂಟಾದಲ್ಲಿ. ಬಾಲ್ಯದಲ್ಲಿಯೇ ಪೋಲಿಯೊಗೆ ಒಳಗಾಗಿ ಗಾಲಿಕುರ್ಚಿಯಲ್ಲಿ ಬದುಕಿದ ಎಲೀನರ್ ಸ್ಮಿತ್ ಎಂಬಾಕೆ 1986ರಲ್ಲಿ ಹೊಸ ಬಡಾವಣೆಯೊಂದನ್ನು ಹಾದುಹೋಗುತ್ತಿದ್ದಾಗ, ಇಷ್ಟೂ ಮನೆಗಳಿಗೆ ತನ್ನಂಥವರು ಹೋಗಿಬರುವಂತೆ ಮಾಡಬಹುದಿತ್ತಲ್ಲ ಎಂದು ಆಕೆಗೆ ಹೊಳೆಯಿತಂತೆ. ಮರುವರ್ಷವೇ ‘ಕಾಂಕ್ರೀಟ್ ಚೇಂಜ್’ ಎಂಬ ಸಂಘ ಹುಟ್ಟಿತು. ಆಕೆ ಕೇಳಿದ್ದು ಮೂರೇ: ಒಂದಾದರೂ ಮೆಟ್ಟಿಲಿಲ್ಲದ ಬಾಗಿಲು, ಕುರ್ಚಿ ನುಸುಳುವಂತೆ 32 ಅಂಗುಲ ತೆರಪಿರುವ ಒಳಬಾಗಿಲುಗಳು, ನೆಲಮಹಡಿಯಲ್ಲಿ ಒಂದು ಶೌಚಗೃಹ. ಇದಕ್ಕೆ ಅವರು ‘ವಿಸಿಟಬಿಲಿಟಿ’ ಎನ್ನುತ್ತಾರೆ. ಕನ್ನಡದಲ್ಲಿ ‘ಅತಿಥಿಸುಗಮತೆ’ ಎನ್ನಬಹುದೇನೋ. ಕನ್ನಡ ಮೇಷ್ಟರಾದ ಮೇಲೆ ಶಬ್ದ ಟಂಕಿಸುವ ಚಪಲ ಬಿಡದು.

ಈ ಶಬ್ದದ ಮರ್ಮ ನನಗೆ ಅರ್ಥವಾದದ್ದು ಎರಡು ಆಹ್ವಾನಗಳಿಂದ. ಎರಡು ಬೀದಿಯಾಚೆ, ಅದೇ ಕಾಲದ ಮನೆಯಲ್ಲಿದ್ದ ಹಾಸನದ ದಂಪತಿಗಳು ಊಟಕ್ಕೆ ಕರೆದರು. ತಾಯಿಯವರು ನೇರವಾಗಿ ಅಡಿಗೆಮನೆಗೇ ಹೋಗಿ ಹುಳಿಯ ಉಪ್ಪು ನೋಡಿದರು, ಗೃಹಿಣಿಗೆ ಎರಡು ಬುದ್ಧಿಯನ್ನೂ ಹೇಳಿದರು. ಮರುವಾರ ಇನ್ನೊಂದು ಊರಿನ ಹಳೆಯ ಮನೆ. ಬಾಗಿಲಿಗೆ ಮೂರೇ ಮೆಟ್ಟಿಲು. “ನನ್ನನ್ನು ಎತ್ತಬೇಡಿ” ಎಂದು ತಾಯಿಯವರು ಹಟ ಹಿಡಿದರು. ಆ ಮನೆಯವರು ಪಾಪ, ಉಪ್ಪಿಟ್ಟಿನ ತಟ್ಟೆಯನ್ನು ಕಾರಿಗೇ ತಂದುಕೊಟ್ಟರು. ಉಪಚಾರದಲ್ಲಿ ಲೋಪವಿರಲಿಲ್ಲ. ಆದರೂ ಆ ಉಪ್ಪಿಟ್ಟು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಹಿಮ ಬೀಳುವ ಸೀಮೆಯಲ್ಲಿ, ನೆಲಮಾಳಿಗೆಯಿರುವ ಮನೆಗಳಿಗೆ ಇದು ಸಾಧ್ಯವೆ ಎಂಬ ಆಕ್ಷೇಪ ಅಲ್ಲಿಯೂ ಇತ್ತು. ನಕ್ಷೆ ಬರೆಯುವಾಗಲೇ ನೆಲದ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಖರ್ಚು ಅಲ್ಪ. ಕಟ್ಟಿಯಾದ ಮೇಲೆ ಒಡೆದು ಸರಿಪಡಿಸುವುದೇ ದುಬಾರಿ ಎಂದು ಭಾವ ವಿವರಿಸಿದರು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು; ಇಪ್ಪತ್ತು ಅಡಿ ಸಿಕ್ಕಿದರೆ ಅಲ್ಲಿಯ ನಿಯಮದಂತೆ ಕೈಕಂಬಿಯೂ ಬೇಡ.

ಈ ಲೆಕ್ಕವನ್ನು ಬರೆದುಕೊಂಡೇ ಮೈಸೂರಿಗೆ ಮರಳಿದೆ. ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸಲು ಆಗಲೇ ನಕ್ಷೆ ಸಿದ್ಧವಾಗಿತ್ತು. ಮುಂಬಾಗಿಲಿಗೆ ಮೂರು ಮೆಟ್ಟಿಲು. ಮಳೆನೀರು ಒಳಗೆ ನುಗ್ಗದಂತೆ ಪಾಯ ಒಂದೂವರೆ ಅಡಿ ಎತ್ತರವಿರಲೇಬೇಕೆಂದರು ಮೇಸ್ತ್ರಿ. ಅದು ಸುಳ್ಳಲ್ಲ. ಹಾಗಾದರೆ ಹದಿನೆಂಟು ಅಡಿ ಇಳಿಜಾರು ಬೇಕು. ಮನೆಯ ಮುಂದೆ ಅಷ್ಟು ಜಾಗವೆಲ್ಲಿ? ಕೊನೆಗೆ ಕಾಂಪೌಂಡಿನ ಪಕ್ಕದಲ್ಲಿ, ಕಾರಿಗೆಂದು ಬಿಟ್ಟಿದ್ದ ಓಣಿಯುದ್ದಕ್ಕೂ ಹಾದಿ ಎಳೆದೆವು. ಕಾರು ಇನ್ನೂ ಬಂದಿರಲಿಲ್ಲ, ತಾಯಿಯವರು ಇದ್ದರು.

ಹೊಸ್ತಿಲಿನ ವಿಷಯದಲ್ಲಿ ಮೇಸ್ತ್ರಿ ಜಗ್ಗಲಿಲ್ಲ. “ಹೊಸ್ತಿಲಿಲ್ಲದ ಮನೆ ಉಂಟೇ ಸ್ವಾಮಿ? ಲಕ್ಷ್ಮಿಗೆ ಅರಿಸಿನ ಕುಂಕುಮ ಎಲ್ಲಿ ಇಡುವುದು?” ತಾಯಿಯವರೂ ಅವರ ಪಕ್ಷವೇ! ತೇಗದ ಹೊಸ್ತಿಲನ್ನು ನೆಲದ ಮಟ್ಟಕ್ಕೆ ಹುದುಗಿಸಿ ಕೂರಿಸುವುದೆಂದು ರಾಜಿಯಾಯಿತು. ಗೃಹಪ್ರವೇಶದ ದಿನ ಅದರ ಮೇಲೆ ರಂಗೋಲಿಯ ಎಳೆ ಬಿತ್ತು. ಅದರ ಮೇಲೆಯೇ ಕುರ್ಚಿಯ ಗಾಲಿ ಉರುಳಿ ಎರಡು ಬಿಳಿಯ ಗೆರೆಗಳು ನಡುಮನೆಯವರೆಗೂ ಮೂಡಿದವು.

ಈಗ ತಾಯಿಯವರು ಸಂಜೆ ತಾವೇ ಗೇಟಿನವರೆಗೆ ಬರುತ್ತಾರೆ. ಎದುರುಮನೆಯ ಸೀತಮ್ಮನವರಿಗೂ ಅವರಿಗೂ ಬಲು ಸ್ನೇಹ. ಸೀತಮ್ಮನವರ ಮನೆಗೆ ನಾಲ್ಕು ಮೆಟ್ಟಿಲು. ಆದ್ದರಿಂದ ಮಾತುಕತೆಯೆಲ್ಲ ನಮ್ಮ ಗೇಟಿನಲ್ಲೇ. ಅವರ ಮಗ್ಗುಲಿನ ಖಾಲಿ ನಿವೇಶನದಲ್ಲಿ ನಿನ್ನೆಯಿಂದ ಪಾಯ ಅಗೆಯುತ್ತಿದ್ದಾರೆ. ಮನೆಯ ಯಜಮಾನರು ಭಾನುವಾರ ಬರುತ್ತಾರಂತೆ. ಅವರನ್ನು ಕಾಫಿಗೆ ಕರೆಯಬೇಕೆಂದು ತಾಯಿಯವರು ನನಗೆ ಎರಡು ಬಾರಿ ಹೇಳಿದ್ದಾರೆ.