ಸ್ಲ್ಯಾಶು ಯಾವ ಕಡೆ ವಾಲಬೇಕು?

ಅಮೆರಿಕದ ಟೆಕ್ಸಸ್ಸಿನ ಇರ್ವಿಂಗಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲು ಬರುವುದು ಆಲಿಕಲ್ಲಿನ ಮಾತು: ಯಾರ ಕಾರು ಜಜ್ಜಿಹೋಯಿತು, ಯಾರ ಚಾವಣಿ ಹಾರಿತು. ಅದು ಮುಗಿಯಿತೋ, ಕೂತವರಲ್ಲಿ ಮುಕ್ಕಾಲು ಪಾಲು ಕಂಪ್ಯೂಟರಿನವರೇ ಆದ್ದರಿಂದ, ಕಂಪ್ಯೂಟರು ನಡೆಸಲು ಡಾಸ್ ಮೇಲೋ ಯೂನಿಕ್ಸ್ ಮೇಲೋ ಎಂಬ ಹಳೇ ವ್ಯಾಜ್ಯ ಏಳುತ್ತದೆ.

ವಿಚಿತ್ರ ನೋಡಿ. ಎಡಗಡೆ ಗಾಡಿ ಓಡಿಸುತ್ತಿದ್ದ ಈ ಮಂದಿ ಇಲ್ಲಿ ಬಂದು ತೆಪ್ಪಗೆ ಬಲಗಡೆ ಓಡಿಸಿದರು. ಫೋಲ್ಡರು, ಫೈಲುಗಳ ಹೆಸರಿನ ನಡುವೆ ಹಾಕುವ ಸ್ಲ್ಯಾಶು ಯಾವ ಕಡೆ ವಾಲಬೇಕು ಎಂಬುದರಲ್ಲಿ ಮಾತ್ರ ರಾಜಿಯಿಲ್ಲ! ತಪ್ಪು ಯಾರದ್ದು? 1981ರ ಮೊದಲ ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ. ಸ್ಲ್ಯಾಶನ್ನು ಕಮಾಂಡಿನ ಬಾಲಕ್ಕೆ ಅಂಟಿಸುವ ಆಯ್ಕೆಗಳಿಗೆ ಕೊಟ್ಟಾಗಿತ್ತು. 1983ರಲ್ಲಿ ಯೂನಿಕ್ಸ್ ನೋಡಿ ಫೋಲ್ಡರು ತರುವ ಹೊತ್ತಿಗೆ, ಅದು ಬಳಸುವ ಸ್ಲ್ಯಾಶು ಖಾಲಿಯಿಲ್ಲ. ಸರಿ, ಬ್ಯಾಕ್‌ಸ್ಲ್ಯಾಶನ್ನು ಕೂರಿಸಿದರು.

ಡಾಸ್ ಎಂದರೆ ನಮ್ಮ ಟೆಕ್ಸಸ್ಸಿನದೇ ಹ್ಯೂಸ್ಟನ್ ಬಿಟ್ಟೀತೆ? ಅಲ್ಲಿನ ಒಂದು ಪೈ ಹೋಟೆಲಿನಲ್ಲಿ (ನಮ್ಮ ಕರಾವಳಿಯ ಪೈಗಳದ್ದಲ್ಲ ಮಾರಾಯರೆ, ತಿನ್ನುವ ಪೈ) ತಟ್ಟೆಯಡಿಯ ಕಾಗದದ ಮೇಲೆ ಚಿತ್ರ ಗೀಚಿದ್ದರಿಂದಲೇ 1982ರಲ್ಲಿ ಕಾಂಪ್ಯಾಕ್ ಎಂಬ ಕಂಪ್ಯೂಟರ್ ಕಂಪನಿ ಹುಟ್ಟಿತಂತೆ. ಅವರ ಡಾಸ್ ಯಂತ್ರಕ್ಕೆ ‘ಪೋರ್ಟಬಲ್’ ಎಂದು ಹೆಸರು. ತೂಕ ಹೆಚ್ಚುಕಡಿಮೆ 13 ಕಿಲೋ. ಹೊತ್ತವರ ಭುಜವನ್ನು ಕೇಳಬೇಕು. ಆಸ್ಟಿನ್ನಿನ ಹಾಸ್ಟೆಲ್ ಕೋಣೆಯಲ್ಲಿ ಡೆಲ್ ಹುಟ್ಟಿದ ಕತೆ ಇನ್ನೊಂದು ದಿನಕ್ಕಿರಲಿ.

ಎಲ್ಲಿದ್ದೆವು? ಹಾಂ, ಯೂನಿಕ್ಸಿಗೆ ಹೋದ ಡಾಸಿನವರ ಪಾಡು. ಡಾಸಿನಲ್ಲಿ ಫೈಲು ಕಾಪಿ ಮಾಡಿದರೆ ‘ಒಂದು ಫೈಲ್ ಕಾಪಿ ಆಯಿತು’ ಎಂದು ವರದಿ ಬರುತ್ತದೆ. ಯೂನಿಕ್ಸೋ, ಊಟ ಚೆನ್ನಾಗಿದ್ದರೆ ತುಟಿಪಿಟಕ್ಕೆನ್ನದೆ, ಉಪ್ಪು ಹೆಚ್ಚಾದರೆ ಮಾತ್ರ ಬಾಯಿ ತೆರೆಯುವ ಮಾವನ ಹಾಗೆ. ಆಯಿತೋ ಇಲ್ಲವೋ ತಿಳಿಯದೆ ಹೊಸಬರು ಮತ್ತೆ ಮತ್ತೆ ಕಾಪಿ ಮಾಡುತ್ತಾರೆ.

ಅಕ್ಷರದ ಮಡಿ ಬೇರೆ. ಯೂನಿಕ್ಸಿಗೆ ಇಂಗ್ಲಿಷಿನ ದೊಡ್ಡ ‘ಎ’ ಬೇರೆ, ಚಿಕ್ಕ ‘ಎ’ ಬೇರೆ. ಡಾಸಿಗೆ ಎರಡೂ ಒಂದೇ. ದೊಡ್ಡಕ್ಷರ ಚಿಕ್ಕಕ್ಷರದ ರಗಳೆಯೇ ಇಲ್ಲದ ಲಿಪಿಯಲ್ಲಿ ಓದು ಕಲಿತ ನಾವು, ಆ ಲೆಕ್ಕದಲ್ಲಿ ಹುಟ್ಟಾ ಡಾಸಿನವರು. ಈ ವಾದಕ್ಕೆ ಯೂನಿಕ್ಸ್ ಪಕ್ಷದಿಂದ ಇನ್ನೂ ಉತ್ತರ ಬಂದಿಲ್ಲ.

ಈಗೇನು, ಯೂನಿಕ್ಸ್ ಕುಲದ ಲಿನಕ್ಸಿನಲ್ಲಿ ಡಾಸಿನ ‘ಡಿರ್’ ಎಂದು ಒತ್ತಿದರೂ ಫೈಲುಗಳ ಪಟ್ಟಿ ಬರುತ್ತದೆ; ವಿಂಡೋಸಿನ ಪವರ್‌ಶೆಲ್ಲಿನಲ್ಲಿ ಯೂನಿಕ್ಸಿನ ‘ಎಲ್‌ಎಸ್’ ಎಂದರೂ ಬರುತ್ತದೆ. ಅವರವರ ಮನೆಯಲ್ಲಿ ಇವರಿವರಿಗೊಂದು ಮಣೆ ಹಾಕಿಟ್ಟಿದ್ದಾರೆ, ಇನ್ನೇಕೆ ಜಗಳ ಎಂದೆ. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, “ಹಾಗಾದರೆ ಮ್ಯಾಕಿನಲ್ಲಿ ಡಿರ್ ಯಾಕಿಲ್ಲ?” ಎಂದರು.