ಮೊದಲ ಮಳೆಯ ಅತಿಥಿ

ಕ್ಯಾಲಿಫೋರ್ನಿಯಾದ ಸಾಂತಾ ರೋಸಾ ಬಯಲಿಗೆ ನಾವು ಬಂದ ಹೊಸತರಲ್ಲಿ ಮನೆಯ ಹಿಂದೆ ಬರೀ ಹುಲ್ಲುಗಾವಲು. ಚಳಿಗಾಲದ ಮಳೆಗೆ ಅಲ್ಲಲ್ಲಿ ಹೊಂಡ ತುಂಬುತ್ತಿತ್ತು, ಬೇಸಿಗೆ ಹೊತ್ತಿಗೆ ಅದೇ ನೆಲ ಬಿರಿಯುತ್ತಿತ್ತು. ಪಕ್ಕದ ತೊರೆಯ ಓಕ್ ಮರಗಳಿಗೆ ಕಾಡುದ್ರಾಕ್ಷಿ ಹಬ್ಬಿತ್ತು. ಬಟಾಣಿ ಗಾತ್ರದ ಹಣ್ಣು, ಅರ್ಧಕ್ಕರ್ಧ ಬೀಜ. ಊರಿಂದ ಬಂದಿದ್ದ ಅಮ್ಮ ಒಂದು ಬಾಯಿಗೆ ಹಾಕಿಕೊಂಡು, "ಇದಕ್ಕಿಂತ ನಮ್ಮ ನೇರಳೆಯೇ ವಾಸಿ ಕಣೋ" ಎಂದಿದ್ದರು.

ಆ ವರ್ಷ ಮೊದಲ ಜೋರು ಮಳೆಯ ರಾತ್ರಿ ಗ್ಯಾರೇಜಿನ ಬಾಗಿಲಲ್ಲಿ ಅದು ಕಂಡಿತು. ಹಾವುರಾಣಿ ಅಂದುಕೊಂಡೆ. ಟಾರ್ಚ್ ಬಿಟ್ಟು ನೋಡಿದರೆ ಹುರುಪೆಯೇ ಇಲ್ಲ. ಒದ್ದೆ ಕಪ್ಪು ಚರ್ಮ, ಮೈಮೇಲೆ ಅರಿಸಿನದ ಬೊಟ್ಟು, ಗೇಣಿಗೆ ತುಸು ಕಮ್ಮಿ ಉದ್ದ, ನಗುವಂಥ ಬಾಯಿ. ಟೈಗರ್ ಸಾಲಮ್ಯಾಂಡರ್, ಕಪ್ಪೆಗಳ ಬಳಗದ್ದು. ವರ್ಷದ ಬಹುಪಾಲು ನೆಲದಳಿಲು, ಗೋಫರ್‌ಗಳು ತೋಡಿದ ಬಿಲದೊಳಗೆ. ಮಳೆಯ ರಾತ್ರಿಗಳಲ್ಲಿ ಮಾತ್ರ ಹೊರಬಂದು, ಮೊಟ್ಟೆಯಿಡಲು ಹೊಂಡದತ್ತ ನಡೆಯುತ್ತದೆ. ನಾವಿರುವ ಸೊನೋಮಾ ಕೌಂಟಿಯ ಸಂತತಿಯನ್ನು 2003ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು.

ಹುಲ್ಲುಗಾವಲು ಹೋಯಿತು. ಒಂದಷ್ಟಕ್ಕೆ ಮನೆಗಳು, ಮಿಕ್ಕಿದ್ದಕ್ಕೆ ವೈನ್ ದ್ರಾಕ್ಷಿ. ಆ ತೋಟದ ದ್ರಾಕ್ಷಿ ಸಾಲಮ್ಯಾಂಡರಿನ ಹೊಂಡ ಮುಚ್ಚಿತು. ಕಾಡುದ್ರಾಕ್ಷಿಯ ಜೊತೆಗಾದರೋ ವೈನ್ ದ್ರಾಕ್ಷಿಯ ಜಾತಿ ನಂಟಸ್ತನವನ್ನೇ ಬೆಳೆಸಿತ್ತು. ಎಲೆ ಉದುರುವ ಕಾಲಕ್ಕೆ ಕೆಂಡದಂತಾಗುವ 'ರೋಜರ್ಸ್ ರೆಡ್' ಬಳ್ಳಿಯನ್ನು ಅಪ್ಪಟ ಕಾಡಿನದೆಂದೇ ನರ್ಸರಿಗಳು ವರ್ಷಗಟ್ಟಲೆ ಮಾರಿದವು. ನಾನೂ ತಂದು ಬೇಲಿಗೆ ಹಬ್ಬಿಸಿದೆ. ಆಮೇಲೆ ಡಿಎನ್‌ಎ ಪರೀಕ್ಷೆ ಮಾಡಿದರೆ, ಅಲಿಕಾಂಟೆ ಬುಷೆ ಎಂಬ ಫ್ರಾನ್ಸಿನ ವೈನ್ ದ್ರಾಕ್ಷಿಯ ಬೆರಕೆ! ನನಗೇನೂ ಬೇಜಾರಾಗಲಿಲ್ಲ. ನಮ್ಮ ಮನೆಯಲ್ಲಿ ಮಕ್ಕಳಾಡುವ ಕನ್ನಡವೂ ಸುಮಾರು ಹಾಗೆಯೇ.

ಸಾಲಮ್ಯಾಂಡರಿಗೂ ಬೆರಕೆ ತಟ್ಟಿದೆ, ದಕ್ಷಿಣದ ಸಲಿನಾಸ್ ಕಣಿವೆಯ ಕಡೆ. ಮೀನಿನ ಗಾಳಕ್ಕೆ ಸಿಕ್ಕಿಸಲೆಂದು ಕಳೆದ ಶತಮಾನದ ನಡುವಿನಲ್ಲಿ ಟೆಕ್ಸಾಸಿನಿಂದ ಅದರ ದಾಯಾದಿಯನ್ನು ತಂದು ಬಿಟ್ಟಿದ್ದರು. ವರ್ಷವಿಡೀ ಬತ್ತದ ಕೆರೆಗಳಲ್ಲಿ ಈಗ ಬೆರಕೆ ಮರಿಗಳದ್ದೇ ಮೇಲುಗೈ. ಅದನ್ನು ಓದಿದಾಗ ಮಾತ್ರ ಹೊಟ್ಟೆ ಚುರ್ರೆಂದಿತು. ದ್ರಾಕ್ಷಿಯ ಕಡ್ಡಿ ಮುರಿದು ನೆಟ್ಟರೆ ಎಲ್ಲಾದರೂ ಚಿಗುರೀತು. ಈ ಪ್ರಾಣಿಗೆ ಒಂದು ಬಿಲ ಬೇಕು, ಬೇಸಿಗೆಗೆ ಬತ್ತುವ ಒಂದು ಹೊಂಡ ಬೇಕು, ನಡುವೆ ಕಾರು ಓಡದ ದಾರಿ ಬೇಕು.

ಬೇಲಿಯ ಬಳ್ಳಿ ಈ ವರ್ಷವೂ ಕೆಂಪಾಗಿದೆ. ಮೊದಲ ಮಳೆಗೆ ಈಗಲೂ ಟಾರ್ಚ್ ಹಿಡಿದು ಗ್ಯಾರೇಜಿನ ಬಾಗಿಲಿಗೆ ಹೋಗುತ್ತೇನೆ. ಹನ್ನೊಂದು ವರ್ಷವಾಯಿತು, ಒಂದೂ ಬಂದಿಲ್ಲ.