ಪಥ್ಯದ ಪುಸ್ತಕ

ನಮ್ಮ ಹೊಸಪೇಟೆಯಲ್ಲಿ ಸಂಜೆಯಾಯಿತೆಂದು ತಿಳಿಯಲು ಗಡಿಯಾರ ನೋಡಬೇಕಾಗಿಲ್ಲ. ಬೀದಿಯ ತಿರುವಿನಲ್ಲಿ ಮೆಣಸಿನಕಾಯಿ ಬಜ್ಜಿಯ ಬಾಣಲೆ ಒಲೆಯೇರಿ, ಪಕ್ಕದಲ್ಲಿ ಮಂಡಕ್ಕಿಗೆ ಒಗ್ಗರಣೆ ಬಿದ್ದರೆ ಸಂಜೆಯಾಯಿತೆಂದೇ ಅರ್ಥ. ಎಷ್ಟೋ ವರ್ಷಗಳ ಕಾಲ ಆ ಸಂಜೆಯಲ್ಲಿ ನನ್ನ ಪಾಲಿಗೆ ದೊರೆತದ್ದು ವಾಸನೆಯೊಂದೇ.

1996ರಲ್ಲಿ ನಾನೂ ನಿಮ್ಮಂತೆ ಒಂಬತ್ತನೆಯ ತರಗತಿಯಲ್ಲಿದ್ದೆ. ಶಾಲೆಯಿಂದ ಹಂಪಿಗೆ ಹೋಗಿ ಬಂದ ವಾರದಲ್ಲಿಯೇ ಹೊಟ್ಟೆನೋವು ಆರಂಭವಾಯಿತು. ಭೇದಿಯೊಡನೆ ರಕ್ತವೂ ಕಾಣಿಸಿಕೊಂಡಿತು. ಹೊಳೆಯ ನೀರು ಕುಡಿದುದರ ಫಲವೆಂದು ಎಲ್ಲರೂ ತೀರ್ಮಾನಿಸಿದರು. ಆಮಶಂಕೆಯ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದೆ. ಪಾಠದ ನಡುವೆ ಎದ್ದು ಹೊರಗೆ ಓಡಬೇಕಾಗುತ್ತಿದ್ದ ನಾಚಿಕೆಯನ್ನು ಈಗ ಬರೆಯಬಲ್ಲೆ. ಆಗ ಅವ್ವನಿಗೂ ಹೇಳಿರಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಕರುಳಿನೊಳಗೆ ಕೊಳವೆ ಇಳಿಸಿ ನೋಡಿದ ಮೇಲೆ ಕಾಯಿಲೆಯ ಹೆಸರು ತಿಳಿಯಿತು: ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತವೆದ್ದು ಹುಣ್ಣಾಗುವ ಬೇನೆ ಅದು. ಇದರ ಒಡಹುಟ್ಟಿನಂತಿರುವ ಇನ್ನೊಂದು ಬೇನೆಯನ್ನು 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಅವರ ಸಂಗಡಿಗರು ವರ್ಣಿಸಿದರು. ಅದಕ್ಕೆ ಕ್ರೋನ್ಸ್ ಕಾಯಿಲೆಯೆಂದು ಹೆಸರು. ಎರಡರಲ್ಲಿಯೂ ದೇಹವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ದಾರಿ ತಪ್ಪಿ ಕರುಳಿನ ಮೇಲೆ ತಿರುಗಿಬೀಳುತ್ತದೆ. ಇದು ಅಂಟುಜಾಡ್ಯವಲ್ಲ. ಹಂಪಿಯ ಹೊಳೆ ನಿರಪರಾಧಿಯಾಗಿತ್ತು.

ಹೆಸರು ತಿಳಿದ ಮೇಲೆ ಉಪದೇಶಗಳು ಬಂದವು. ಅನ್ನ ಶೀತವೆಂದು ಕಂಪ್ಲಿಯ ಮಾವ ಹೇಳಿದರು. ಅವರ ಗದ್ದೆಯಲ್ಲಿ ಬೆಳೆಯುತ್ತಿದ್ದುದು ಭತ್ತವೇ ಎಂಬುದು ಬೇರೆ ಮಾತು. ರೊಟ್ಟಿ ಉಷ್ಣವೆಂದು ಸಂಡೂರಿನ ಅತ್ತೆ ಹೇಳಿದರು. ಹಾಲು ಬೇಡ, ಬೇಳೆ ವಾಯು, ಮೊಟ್ಟೆ ಜಡ, ಬಾಳೆಹಣ್ಣು ಕಫ. ಎಲ್ಲರೂ ಪ್ರೀತಿಯಿಂದಲೇ ಹೇಳಿದರು. ಪ್ರೀತಿಯಿಂದ ಹೇಳಿದ್ದನ್ನು ಮೀರುವುದು ಕಷ್ಟ. ವರ್ಷ ತುಂಬುವುದರೊಳಗೆ ನನ್ನ ತಟ್ಟೆಯಲ್ಲಿ ಉಳಿದದ್ದು ಗಂಜಿ ಮತ್ತು ಉಪ್ಪು. ಪಥ್ಯವೊಂದಿದ್ದರೆ ಮಾತ್ರೆಯೇ ಬೇಡವೆಂದು ಒಬ್ಬರು ಭರವಸೆಯಿತ್ತಾಗ ಅದನ್ನೂ ಬಿಟ್ಟೆ. ಮೂರೇ ತಿಂಗಳಲ್ಲಿ ಬೇನೆ ಉಲ್ಬಣಿಸಿತು. ನನ್ನ ತೂಕ 31 ಕಿಲೋಗ್ರಾಮಿಗೆ ಇಳಿಯಿತು; ನೂರು ಮಿಲಿಲೀಟರ್ ರಕ್ತದಲ್ಲಿ ಹನ್ನೆರಡು ಹದಿಮೂರು ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ಆರಕ್ಕೆ ಬಂದಿತು. ಸಂಡೂರಿನ ಬೆಟ್ಟಗಳಿಂದ ಕಬ್ಬಿಣದ ಅದಿರು ಹೊತ್ತ ಲಾರಿಗಳು ನಮ್ಮ ಊರನ್ನೆಲ್ಲ ಕೆಂಪು ಧೂಳಿನಿಂದ ಮುಚ್ಚುತ್ತಿದ್ದವು. ಅಂಥ ಊರಿನಲ್ಲಿ ಕುಳಿತು ನಾನು ಕಬ್ಬಿಣದ ಕೊರತೆಯಿಂದ ಬಿಳಿಚಿಕೊಂಡಿದ್ದೆ.

ಪುನಃ ಆಸ್ಪತ್ರೆ ಸೇರಿದಾಗ ಅಲ್ಲಿಯ ವೈದ್ಯೆ ನನ್ನನ್ನು ಬಿಟ್ಟು ಅವ್ವನನ್ನು ಕೇಳಿದರು: "ಇವನು ಏನನ್ನು ತಿನ್ನುವುದಿಲ್ಲವೆಂದು ಹೇಳಿದಿರಿ, ಸರಿ. ಏನನ್ನು ತಿನ್ನುತ್ತಾನಮ್ಮ?" ಅವ್ವನ ಬಳಿ ಉತ್ತರವಿರಲಿಲ್ಲ.

ಆಹಾರದಿಂದಲೇ ಈ ಬೇನೆ ಬಂದಿತೆನ್ನುವುದೂ ಆಹಾರದಿಂದಲೇ ಹೋಗುವುದೆನ್ನುವುದೂ ತಪ್ಪೆಂದು ಅವರು ವಿವರಿಸಿದರು. ಉರಿಯೂತವನ್ನು ಅಡಗಿಸುವುದು ಔಷಧದ ಕೆಲಸ. ರಕ್ತ ಹೋಗಿ ಸೊರಗಿದ ದೇಹಕ್ಕೆ ಗಾಯ ಮಾಯಿಸುವ ಸಾಮಗ್ರಿ ಒದಗಿಸುವುದು ಊಟದ ಕೆಲಸ. ಬೇನೆ ಕೆರಳಿದಾಗ ಮೆತ್ತಗೆ ಬೆಂದ ಅನ್ನ, ಸೋಸಿದ ಬೇಳೆಯ ಕಟ್ಟು, ಮೊಟ್ಟೆ, ಮೊಸರು, ಕಳಿತ ಬಾಳೆಹಣ್ಣು. ಸಿಪ್ಪೆ, ಬೀಜ, ಒರಟು ನಾರು, ಖಾರ ಇವು ಆಗ ಬೇಡ. ಬೇನೆ ಇಳಿದ ಮೇಲೆ ಬಿಟ್ಟಿದ್ದನ್ನು ಒಂದೊಂದಾಗಿ ಮರಳಿ ತರಬೇಕು. ಹಾಲು ಕೆಲವರಿಗೆ ಒಗ್ಗದು. ಮೊಸರಿನಲ್ಲಿ ಹಾಲಿನ ಸಕ್ಕರೆ ಕಡಮೆಯಾಗಿರುವುದರಿಂದ ಅಂಥವರಲ್ಲಿ ಅನೇಕರಿಗೆ ಅದು ಒಗ್ಗುತ್ತದೆ.

ಹಾಗೆಂದು ಆಹಾರ ಕೈಲಾಗದ ವಸ್ತುವೇನೂ ಅಲ್ಲ. ಕ್ರೋನ್ಸ್ ಕಾಯಿಲೆಯ ಮಕ್ಕಳಿಗೆ ಆರರಿಂದ ಎಂಟು ವಾರ ಬೇರೇನನ್ನೂ ಕೊಡದೆ, ಎಲ್ಲ ಪೋಷಕಾಂಶಗಳೂ ಇರುವ ದ್ರವಾಹಾರವನ್ನೇ ಕೊಟ್ಟರೆ ಅನೇಕರಲ್ಲಿ ಉರಿಯೂತ ಶಮನವಾಗುತ್ತದೆ. ನನ್ನ ಬೇನೆಗೆ ಆ ಉಪಾಯ ಫಲಿಸದು. ಭಾರತವೂ ಸೇರಿದಂತೆ 21 ದೇಶಗಳ ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಕಾರ್ಖಾನೆಯಲ್ಲಿ ಬಹಳವಾಗಿ ಸಂಸ್ಕರಿಸಿದ ತಿನಿಸುಗಳನ್ನೂ ಸಿಹಿ ಪಾನೀಯಗಳನ್ನೂ ಹೆಚ್ಚು ಸೇವಿಸುವವರಲ್ಲಿ ಈ ಬೇನೆಗಳು ಹೆಚ್ಚಾಗಿ ಕಂಡುಬಂದವು. ಅದೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಪೊಟ್ಟಣ ಒಡೆಯುವಾಗ ನನಗೆ ಅದರ ನೆನಪಾಗುತ್ತದೆ.

ವೈದ್ಯೆಯ ಸಲಹೆಯಂತೆ ಇನ್ನೂರು ಪುಟದ ನೋಟುಪುಸ್ತಕವೊಂದನ್ನು ಕೊಂಡೆ. ತಿಂದದ್ದು ಎಡಕ್ಕೆ, ಹೊಟ್ಟೆ ಹೇಳಿದ್ದು ಬಲಕ್ಕೆ. ಕಮಲಾಪುರದ ಬಾಳೆಹಣ್ಣು: ಒಗ್ಗಿತು. ಕಂಪ್ಲಿಯ ಅಕ್ಕಿಯ ಅನ್ನ, ಮೊಸರು: ಒಗ್ಗಿತು. ಎಮ್ಮೆಯ ಹಾಲು: ಗುಡುಗಿತು. ಮಾವನೂ ಅತ್ತೆಯೂ ನಿಷೇಧಿಸಿದ ಬಹುಪಾಲು ಪದಾರ್ಥಗಳು ಒಂದೊಂದಾಗಿ 'ಒಗ್ಗಿತು' ಎಂಬ ಸಾಲಿಗೆ ಬಂದು ನಿಂತವು. ಮಾತ್ರೆಯನ್ನು ಮತ್ತೆ ಬಿಡಲಿಲ್ಲ. ತೂಕ 40 ದಾಟಿತು.

ರೊಟ್ಟಿಯ ವಿಷಯದಲ್ಲಿ ಮಾತ್ರ ಧೈರ್ಯ ಬಂದಿರಲಿಲ್ಲ. ಒಂದು ರಾತ್ರಿ ಅಜ್ಜಿ ಜೋಳದ ಹಿಟ್ಟನ್ನು ಎರಡು ಸಲ ಸಾಣಿಸಿ, ತೆಳ್ಳಗೆ ರೊಟ್ಟಿ ತಟ್ಟಿ, ಬಿಸಿಯಿರುವಾಗಲೇ ಮುರಿದು ಖಾರವಿಲ್ಲದ ಬೇಳೆಯಲ್ಲಿ ನೆನೆಹಾಕಿದರು. "ಅರ್ಧ ತಿನ್ನಪಾ, ನೋಡೋಣ" ಎಂದರು. ತಿಂದೆ. ಎರಡು ವರ್ಷಗಳ ಮೇಲೆ ಮನೆಯವರೆಲ್ಲರೂ ತಿನ್ನುತ್ತಿದ್ದುದನ್ನೇ ಅವರ ಜೊತೆ ಕುಳಿತು ನಾನೂ ತಿಂದಿದ್ದೆ. ರಾತ್ರಿಯೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎಚ್ಚರವಾಗಿದ್ದೆ. ಬೆಳಗ್ಗೆ ಏಳುವಷ್ಟರಲ್ಲಿ ಅಜ್ಜಿ ನೋಟುಪುಸ್ತಕವನ್ನೂ ಪೆನ್ನನ್ನೂ ನನ್ನ ತಲೆದಿಂಬಿನ ಪಕ್ಕದಲ್ಲಿ ತಂದಿಟ್ಟಿದ್ದರು. ಓದು ಬರಹ ಅರಿಯದ ಅವರು, ನಾನು ಬರೆಯುವುದನ್ನು ಬಗ್ಗಿ ನೋಡುತ್ತ ನಿಂತರು.